ಸಣ್ಣ ವಿಮಾನ, ದೊಡ್ಡ ವದಂತಿ: ಕೆನಡಿ ದುರಂತದಿಂದ ಕಲಿಯಬೇಕಾದ ಪಾಠ

ವಿಮಾನವೊಂದು ಬಿದ್ದ ಸುದ್ದಿ ಬಂದ ತಕ್ಷಣ ಅದರ ಹಿಂದೆಯೇ ಕಾರಣಗಳ ಸುದ್ದಿಯೂ ಬರುತ್ತದೆ. ಸತ್ತವರು ಹೆಸರುವಾಸಿಗಳಾಗಿದ್ದರಂತೂ ಹೇಳುವುದೇ ಬೇಡ. ಇದಕ್ಕೆ ಅಮೆರಿಕದಲ್ಲಿ ನಡೆದ ಒಂದು ದುರಂತ ಉತ್ತಮ ಉದಾಹರಣೆ. ಅದರ ತನಿಖೆ ಮುಗಿದು ಎರಡು ದಶಕಗಳೇ ಕಳೆದಿದ್ದರೂ ವದಂತಿಗಳು ಮಾತ್ರ ಮುಗಿದಿಲ್ಲ.

1999ರ ಜುಲೈ 16, ಶುಕ್ರವಾರ. ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಎಫ್. ಕೆನಡಿಯವರ ಪುತ್ರ, 38 ವರ್ಷದ ಜಾನ್ ಎಫ್. ಕೆನಡಿ ಜೂನಿಯರ್ ಅವರು ರಾತ್ರಿ 8.38ಕ್ಕೆ ನ್ಯೂಜೆರ್ಸಿಯಿಂದ ತಮ್ಮ ಒಂದೇ ಎಂಜಿನಿನ ಪೈಪರ್ ಸಾರಟೋಗ ವಿಮಾನದಲ್ಲಿ ಹೊರಟರು. ಜೊತೆಗಿದ್ದವರು ಪತ್ನಿ ಕ್ಯಾರೊಲಿನ್ ಬೆಸೆಟ್ ಮತ್ತು ಪತ್ನಿಯ ಅಕ್ಕ ಲಾರೆನ್ ಬೆಸೆಟ್. ಲಾರೆನ್ ಅವರನ್ನು ಮಾರ್ತಾಸ್ ವಿನ್ಯರ್ಡ್ ದ್ವೀಪದಲ್ಲಿ ಇಳಿಸಿ, ದಂಪತಿಗಳು ಸೋದರಸಂಬಂಧಿಯೊಬ್ಬರ ಮದುವೆಗೆ ಹೋಗುವವರಿದ್ದರು. ಒಂದು ಗಂಟೆಯ ಬಳಿಕ ವಿಮಾನವು ದ್ವೀಪದ ಹತ್ತಿರವೇ ಕಡಲಿಗೆ ಬಿತ್ತು. ಐದು ದಿನಗಳ ಹುಡುಕಾಟದ ನಂತರ ಸುಮಾರು 120 ಅಡಿ ಆಳದಲ್ಲಿ ಮೂವರ ಶರೀರಗಳೂ ಸಿಕ್ಕಿದವು. ಜುಲೈ 22ರಂದು ಅವರ ಚಿತಾಭಸ್ಮವನ್ನು ನೌಕಾಪಡೆಯ ಹಡಗಿನಿಂದ ಅದೇ ಕಡಲಿಗೆ ಒಪ್ಪಿಸಲಾಯಿತು. ಮರುದಿನ ನ್ಯೂಯಾರ್ಕಿನ ಸಂತ ಥಾಮಸ್ ಮೋರ್ ದೇವಾಲಯದಲ್ಲಿ ಕೆನಡಿ ದಂಪತಿಗಳ ಆತ್ಮಶಾಂತಿಗಾಗಿ ಬಲಿಪೂಜೆ ನಡೆಯಿತು.

ಅಷ್ಟರೊಳಗೆ ಜನರು ಕಾರಣವನ್ನು ತೀರ್ಮಾನಿಸಿಬಿಟ್ಟಿದ್ದರು. ರಾಜಕೀಯಕ್ಕೆ ಬರುವರೆಂದು ವಿಮಾನದಲ್ಲಿ ಬಾಂಬ್ ಇಟ್ಟರು ಎಂದರು ಕೆಲವರು. ಪತ್ನಿ ಹೊರಡಲು ತಡಮಾಡಿದ್ದರಿಂದಲೇ ಕತ್ತಲಾಯಿತು ಎಂದರು ಮತ್ತೆ ಕೆಲವರು. ಮುರಿದಿದ್ದ ಕಾಲಿನಿಂದಾಗಿ ಹೀಗಾಯಿತು ಎಂದವರೂ ಇದ್ದರು. ಎಲ್ಲಕ್ಕಿಂತ ಹೆಚ್ಚು ಕೇಳಿಬಂದದ್ದು 'ಕೆನಡಿ ಮನೆತನದ ಶಾಪ' ಎಂಬ ಮಾತು.

ತನಿಖೆ ಹೇಳಿದ್ದೇನು?

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿಯು ಸುಮಾರು ಒಂದು ವರ್ಷ ತನಿಖೆ ನಡೆಸಿ 2000ದ ಜುಲೈಯಲ್ಲಿ ವರದಿಯನ್ನು ಪ್ರಕಟಿಸಿತು. ಸಣ್ಣ ವಿಮಾನಗಳಲ್ಲಿ ದೊಡ್ಡ ವಿಮಾನಗಳಂತೆ 'ಬ್ಲ್ಯಾಕ್ ಬಾಕ್ಸ್' ಇರಲೇಬೇಕೆಂಬ ನಿಯಮವಿರಲಿಲ್ಲ. ಆದ್ದರಿಂದ ತನಿಖಾಧಿಕಾರಿಗಳು ರಾಡಾರ್ ದಾಖಲೆಗಳನ್ನೂ ಕಡಲಿನಿಂದ ಮೇಲೆತ್ತಿದ ಅವಶೇಷಗಳನ್ನೂ ಒಂದೊಂದಾಗಿ ಪರಿಶೀಲಿಸಬೇಕಾಯಿತು. ಎಂಜಿನ್ ಆಗಲಿ ಇತರ ಭಾಗಗಳಾಗಲಿ ಬೀಳುವ ಮೊದಲೇ ಕೆಟ್ಟಿದ್ದವು ಎನ್ನುವುದಕ್ಕೆ ಯಾವ ಕುರುಹೂ ದೊರೆಯಲಿಲ್ಲ. ಪೈಲಟ್‌ನ ದೇಹದಲ್ಲಿ ಮದ್ಯದ ಅಂಶವೂ ಮಾದಕ ವಸ್ತುವಿನ ಅಂಶವೂ ಇರಲಿಲ್ಲ.

ರಾಡಾರ್ ತೋರಿಸಿದ ಚಿತ್ರ ಹೀಗಿದೆ. ವಿಮಾನವು 5,500 ಅಡಿ ಎತ್ತರದಲ್ಲಿ ಕರಾವಳಿಯ ಗುಂಟ ಸಾಗಿ, ರೋಡ್ ಐಲೆಂಡ್ ರಾಜ್ಯದ ಪಾಯಿಂಟ್ ಜೂಡಿತ್ ಬಳಿ ದಡವನ್ನು ಬಿಟ್ಟು ನೇರವಾಗಿ ಕಡಲ ಮೇಲೆ ಹೊರಟಿತು. ದ್ವೀಪ ಸಮೀಪಿಸುತ್ತಿದ್ದಂತೆ ಎತ್ತರ ಇಳಿಯಿತು, ಮತ್ತೆ ಸ್ವಲ್ಪ ಏರಿತು. ಎಡಕ್ಕೆ, ಬಲಕ್ಕೆ ತಿರುಗಿತು. ಕೊನೆಗೆ ಬಲಕ್ಕೆ ವಾಲಿ, ನಿಮಿಷಕ್ಕೆ 4,700 ಅಡಿಗೂ ಮೀರಿದ ವೇಗದಲ್ಲಿ ಸುತ್ತುತ್ತಾ ಕೆಳಗಿಳಿಯಿತು. ಕೊನೆಯ ರಾಡಾರ್ ದಾಖಲೆಯಲ್ಲಿ ಅದು 1,100 ಅಡಿ ಎತ್ತರದಲ್ಲಿತ್ತು.

ಕತ್ತಲಲ್ಲಿ, ಮಬ್ಬಿನಲ್ಲಿ, ನೀರಿನ ಮೇಲೆ ಇಳಿಯುವಾಗ ಪೈಲಟ್ ದಿಕ್ಕಿನ ಅರಿವನ್ನು ಕಳೆದುಕೊಂಡು ವಿಮಾನದ ಮೇಲಿನ ಹತೋಟಿಯನ್ನು ಕಳೆದುಕೊಂಡರು ಎಂಬುದೇ ಮಂಡಳಿಯ ತೀರ್ಮಾನ.

ದಿಕ್ಕು ತಪ್ಪುವುದು ಹೇಗೆ?

ನಮ್ಮ ಮೀನುಗಾರ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಬ್ಬು ಕವಿದ ಕತ್ತಲ ರಾತ್ರಿ ಕಡಲು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಆರಂಭವಾಯಿತು ಎಂಬುದು ಕಾಣುವುದಿಲ್ಲ. ದೋಣಿಯಲ್ಲಿರುವವರಿಗೆ ಕಾಲಕೆಳಗೆ ನೀರಾದರೂ ಇರುತ್ತದೆ. ವಿಮಾನದಲ್ಲಿರುವವರಿಗೆ ಅದೂ ಇಲ್ಲ. ಆ ರಾತ್ರಿ ಅದೇ ಕಡೆ ಹಾರಿದ್ದ ಇನ್ನೊಬ್ಬ ಪೈಲಟ್‌ಗೆ ದ್ವೀಪದ ದೀಪಗಳೇ ಕಾಣದೆ, ಅಲ್ಲಿ ವಿದ್ಯುತ್ ಹೋಗಿರಬೇಕು ಎಂದು ತೋರಿತ್ತು.

ನಾವು ನೆಟ್ಟಗಿದ್ದೇವೆಯೇ, ವಾಲಿದ್ದೇವೆಯೇ ಎಂದು ತಿಳಿಯಲು ಕಣ್ಣಿನೊಂದಿಗೆ ಒಳಕಿವಿಯಲ್ಲಿರುವ ದ್ರವವೂ ನೆರವಾಗುತ್ತದೆ. ವಿಮಾನ ನಿಧಾನವಾಗಿ ವಾಲಿದರೆ ಆ ದ್ರವಕ್ಕೆ ಅದು ಗೊತ್ತೇ ಆಗುವುದಿಲ್ಲ. ವಾಲಿದ ವಿಮಾನವನ್ನು ಸರಿಪಡಿಸಿದಾಗ, ಈಗ ಎದುರು ದಿಕ್ಕಿಗೆ ತಿರುಗುತ್ತಿದ್ದೇನೆ ಎಂಬ ಸುಳ್ಳು ಭಾವನೆ ಬರುತ್ತದೆ. ಗಿರಗಿರನೆ ಸುತ್ತಿ ನಿಂತ ಮಗುವಿಗೆ ನೆಲವೇ ತಿರುಗಿದಂತೆ ಅನಿಸುವುದಿಲ್ಲವೇ? ಹಾಗೆಯೇ ಇದು. ವಿಮಾನ ಇಳಿಯುತ್ತಿದೆ ಎಂದು ತಿಳಿದು ಮೂತಿಯನ್ನು ಮೇಲೆತ್ತಲು ಹೋದರೆ, ವಾಲಿರುವ ವಿಮಾನದ ಸುತ್ತು ಇನ್ನಷ್ಟು ಬಿಗಿಯಾಗುತ್ತದೆ. ಆಗ ತನ್ನ ದೇಹದ ಅನುಭವವನ್ನು ನಂಬದೆ ಮುಂದಿರುವ ಉಪಕರಣಗಳನ್ನೇ ನಂಬಬೇಕು. ಅದಕ್ಕೆ ಪ್ರತ್ಯೇಕ ತರಬೇತಿ ಮತ್ತು ಅರ್ಹತೆ ಇದೆ.

1998ರ ಏಪ್ರಿಲ್‌ನಲ್ಲಿ ಪೈಲಟ್ ಪರವಾನಗಿ ಪಡೆದಿದ್ದ ಕೆನಡಿಯವರಿಗೆ ಸುಮಾರು 310 ಗಂಟೆಗಳ ಹಾರಾಟದ ಅನುಭವವಿತ್ತು. ಉಪಕರಣ ಹಾರಾಟದ ತರಬೇತಿಯನ್ನು ಆರಂಭಿಸಿದ್ದರೂ ಆ ಅರ್ಹತೆಯನ್ನು ಇನ್ನೂ ಗಳಿಸಿರಲಿಲ್ಲ. ಜೊತೆಗೆ ಬರಲು ತರಬೇತುದಾರರೊಬ್ಬರು ಮುಂದಾದಾಗ ಒಬ್ಬನೇ ಹಾರುವುದಾಗಿ ಹೇಳಿದ್ದರು. 1954ರಲ್ಲಿ ಇಲಿನಾಯ್ಸ್ ವಿಶ್ವವಿದ್ಯಾಲಯದಲ್ಲಿ ಇಂತಹ ತರಬೇತಿ ಇಲ್ಲದ 20 ಮಂದಿಯನ್ನು ಪರೀಕ್ಷಿಸಿದ್ದರು. ಹೊರಗಿನ ನೋಟ ಮರೆಯಾದಾಗ ಎಲ್ಲರೂ ಹತೋಟಿ ಕಳೆದುಕೊಂಡರು. ಅದಕ್ಕೆ ತಗುಲಿದ ಸರಾಸರಿ ಸಮಯ 178 ಸೆಕೆಂಡು, ಅಂದರೆ ಮೂರು ನಿಮಿಷವೂ ಇಲ್ಲ.

ಶಾಪದ ಮಾತು

ಕೆನಡಿ ಕುಟುಂಬದಲ್ಲಿ ವಿಮಾನ ಅಪಘಾತಗಳು ಇದಕ್ಕೆ ಮೊದಲೂ ನಡೆದಿದ್ದವು ನಿಜ. 1944ರಲ್ಲಿ ಅಧ್ಯಕ್ಷರ ಅಣ್ಣ ಜೋಸೆಫ್ ಸತ್ತದ್ದು ಯುದ್ಧಕ್ಕಾಗಿ ಸ್ಫೋಟಕ ತುಂಬಿದ್ದ ವಿಮಾನದಲ್ಲಿ. 1948ರಲ್ಲಿ ತಂಗಿ ಕ್ಯಾಥ್ಲೀನ್ ಅವರ ವಿಮಾನ ಫ್ರಾನ್ಸಿನಲ್ಲಿ ಬಿರುಗಾಳಿಗೆ ಸಿಲುಕಿತು. 1964ರಲ್ಲಿ ತಮ್ಮ ಎಡ್ವರ್ಡ್ ಅವರ ವಿಮಾನ ಕೆಟ್ಟ ಹವೆಯಲ್ಲಿ ಇಳಿಯುವಾಗ ಬಿದ್ದು, ಅವರು ತೀವ್ರ ಗಾಯಗಳೊಂದಿಗೆ ಬದುಕಿದರು. ಒಂದೊಂದಕ್ಕೂ ಅದರದೇ ಕಾರಣವಿದೆ. ಶಾಪ ಎಂದುಬಿಟ್ಟರೆ ಆ ಕಾರಣಗಳನ್ನು ಹುಡುಕುವ ಕೆಲಸವೇ ನಿಲ್ಲುತ್ತದೆ.

ಸಿಲೋವಾಮಿನಲ್ಲಿ ಗೋಪುರ ಕುಸಿದು 18 ಮಂದಿ ಸತ್ತಾಗಲೂ ಜನರು ಹೀಗೆಯೇ ಮಾತನಾಡಿಕೊಂಡಿರಬೇಕು. ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳೆಂಬ ಲೆಕ್ಕವನ್ನು ಪ್ರಭು ಯೇಸು ಒಪ್ಪಲಿಲ್ಲ, ಕೇಳಿದವರು ತಮ್ಮ ಬದುಕನ್ನೇ ತಿದ್ದಿಕೊಳ್ಳುವಂತೆ ಎಚ್ಚರಿಸಿದರು ಎಂದು ಸಂತ ಲೂಕರ ಶುಭಸಂದೇಶದ 13ನೇ ಅಧ್ಯಾಯ ತಿಳಿಸುತ್ತದೆ.

ವದಂತಿಯ ಬೆಲೆ

ವರದಿ ಬಂದ ಮೇಲೂ ವದಂತಿ ಸಾಯಲಿಲ್ಲ. 2021ರ ನವೆಂಬರ್‌ನಲ್ಲಿ, ಅಧ್ಯಕ್ಷ ಕೆನಡಿಯವರ ಹತ್ಯೆ ನಡೆದ ಡಲ್ಲಾಸ್ ನಗರದ ಸ್ಥಳದಲ್ಲಿ ನೂರಾರು ಮಂದಿ ಸೇರಿದ್ದರು. ಮಗ ಸತ್ತಿಲ್ಲ, ಅಂದು ಪ್ರತ್ಯಕ್ಷರಾಗುವರು ಎಂದು ಅವರು ನಂಬಿದ್ದರು! ಯಾರೂ ಬರಲಿಲ್ಲ. ಇದನ್ನು ಕೇಳಿ ನಗುವುದು ಸುಲಭ. ಆದರೆ ಒಂದೇ ರಾತ್ರಿ ಇಬ್ಬರು ಹೆಣ್ಣುಮಕ್ಕಳನ್ನು ಕಳೆದುಕೊಂಡ ಬೆಸೆಟ್ ಸಹೋದರಿಯರ ತಾಯಿಯನ್ನು ಒಮ್ಮೆ ನೆನೆಯಿರಿ. ಹೊರಡಲು ತಡಮಾಡಿದವಳು ನಿಮ್ಮ ಮಗಳೇ ಎಂಬ ಮಾತು ಆ ತಾಯಿಯ ಕಿವಿಗೆ ಹೇಗೆ ಬಿದ್ದಿರಬಹುದು?

ಕರಾವಳಿಯವರಾದ ನಮಗೆ ಈ ನೋವು ಅಪರಿಚಿತವಲ್ಲ. 2010ರ ಮೇ 22ರಂದು ಬಜಪೆಯಲ್ಲಿ 158 ಮಂದಿ ಪ್ರಾಣ ಕಳೆದುಕೊಂಡರು. ಅದು ದೊಡ್ಡ ವಿಮಾನ, ಕಾರಣವೂ ಬೇರೆ. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಬೇಕೆಂದು ಸಹಪೈಲಟ್ ಮೂರು ಬಾರಿ ಹೇಳಿದ್ದರೂ ಮುಖ್ಯ ಪೈಲಟ್ ಮುಂದುವರಿದರು ಎಂಬುದನ್ನು ತನಿಖೆಯೇ ಹೊರಗೆಡಹಬೇಕಾಯಿತು. ಅಂತಹ ವರದಿಯಿಂದ ಮುಂದಿನ ಪೈಲಟ್ ಪಾಠ ಕಲಿಯುತ್ತಾನೆ, ಮುಂದಿನ ಪ್ರಯಾಣಿಕ ಬದುಕುತ್ತಾನೆ. ವದಂತಿಯಿಂದ ಯಾರೂ ಬದುಕಿದ್ದಿಲ್ಲ.

ಆದ್ದರಿಂದ ವಾಳೆಯ ಗುರಿಕಾರರಲ್ಲಿ, ಸಂಘ ಸಂಸ್ಥೆಗಳ ಮುಖಂಡರಲ್ಲಿ ಒಂದು ವಿನಂತಿ. ಇಂತಹ ದುರಂತ ನಡೆದಾಗ ಕಾರಣವನ್ನು ಹುಡುಕುವ ಕೆಲಸವನ್ನು ಬಲ್ಲವರಿಗೆ ಬಿಡೋಣ. ಕೈಗೆ ಬಂದ ಸಂದೇಶವನ್ನು ಇನ್ನೊಬ್ಬರಿಗೆ ದಾಟಿಸುವ ಮೊದಲು ಇದನ್ನು ಸತ್ತವರ ತಾಯಿ ಓದಿದರೆ ಹೇಗೆ ಎಂದು ಕೇಳಿಕೊಳ್ಳೋಣ. ದುಃಖದ ಮನೆಗೆ ಹೋದಾಗ "ಹೇಗಾಯಿತು?" ಎಂದು ಕೇಳುವ ಬದಲು ಬಳಿಯಲ್ಲಿ ಕುಳಿತು ಪ್ರಾರ್ಥಿಸೋಣ. ಮನೆಯವರು ಆಗ ನಮ್ಮಿಂದ ಬಯಸುವುದು ಅಷ್ಟನ್ನೇ.