ರೈತರಲ್ಲಿ ಕತ್ತಿನ ಸಂಧಿವಾತ: ಕಾರಣಗಳು ಮತ್ತು ಚಿಕಿತ್ಸಾ ಕ್ರಮಗಳು

ಮಳವಳ್ಳಿ ತಾಲ್ಲೂಕಿನ ಹಲಗೂರು ಸುತ್ತಮುತ್ತ ಹಿಪ್ಪುನೇರಳೆ ಸೊಪ್ಪು, ಹಸಿಹುಲ್ಲು, ಸೌದೆ ಇವೆಲ್ಲ ಬಹುಮಟ್ಟಿಗೆ ತಲೆಹೊರೆಯಾಗಿಯೇ ಮನೆ ಸೇರುತ್ತವೆ. ನಾಟಿ, ಕಳೆ ಕೆಲಸಗಳಲ್ಲಿ ಕತ್ತು ದಿನವಿಡೀ ಬಗ್ಗಿರುತ್ತದೆ. ನಲವತ್ತು ದಾಟಿದವರಲ್ಲಿ ಕಂಡುಬರುವ ಕತ್ತುನೋವನ್ನು ‘ವಯಸ್ಸಾಯಿತು’ ಎಂದು ಅಲಕ್ಷಿಸುವುದು ಸರಿಯಲ್ಲ.

ಕಾರಣ

ಕತ್ತಿನಲ್ಲಿ 7 ಮೂಳೆಗಳಿದ್ದು, ಅವುಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳಿರುತ್ತವೆ. ಬಿಲ್ಲೆಗಳು ಸವೆದಂತೆ ಮೂಳೆಯ ಅಂಚಿನಲ್ಲಿ ಮುಳ್ಳಿನಂತಹ ಬೆಳವಣಿಗೆಯಾಗಿ ನರಗಳನ್ನು ಒತ್ತುತ್ತದೆ. ಇದೇ ಸರ್ವೈಕಲ್ ಸ್ಪಾಂಡಿಲೋಸಿಸ್. ತಲೆಹೊರೆ ಹೊರುವವರಲ್ಲಿ ಈ ಸವೆತ ಹೆಚ್ಚೆಂದು ಆಫ್ರಿಕಾದ ಸಿಯೆರಾ ಲಿಯೋನ್ ದೇಶದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನವೂ ತೋರಿಸಿದೆ.

ಕತ್ತಿನ ಜೊತೆಗೆ ಕೈಬೆರಳುಗಳ ಗಿಣ್ಣು ಊದಿಕೊಂಡು, ಬೆಳಿಗ್ಗೆ ಗಂಟೆಗಟ್ಟಲೆ ಬಿಗಿದಿದ್ದರೆ ಅದು ರುಮಟಾಯ್ಡ್ ಸಂಧಿವಾತವಿರಬಹುದು. ಇದಕ್ಕೆ ರಕ್ತಪರೀಕ್ಷೆ ಮತ್ತು ಬೇರೆಯೇ ಔಷಧಿ ಅವಶ್ಯಕ.

ಚಿಕಿತ್ಸೆ

1. ನೋವು ಹೆಚ್ಚಿದಾಗ ದಿನಕ್ಕೆರಡು ಬಾರಿ ಹದವಾದ ಬಿಸಿನೀರಿನ ಶಾಖ ಕೊಡಬೇಕು. ತೆಳುವಾದ ಒಂದೇ ದಿಂಬು ಬಳಸಬೇಕು.

2. ನೋವಿನ ಮಾತ್ರೆಗಳನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ಸೇವಿಸಬೇಕು. ಡೈಕ್ಲೊಫೆನಾಕ್‌ನಂತಹ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಹೆಸರಿಲ್ಲದ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆತಿರಬಹುದು.

3. ವ್ಯಾಯಾಮವೇ ಮುಖ್ಯ ಚಿಕಿತ್ಸೆ. ಅಂಗೈಯನ್ನು ಹಣೆಗೊತ್ತಿ, ತಲೆ ಅಲುಗದಂತೆ ಹತ್ತು ಎಣಿಸುವವರೆಗೆ ಎದುರೊತ್ತಬೇಕು. ಹೀಗೆಯೇ ಹಿಂದಕ್ಕೂ ಎರಡು ಪಕ್ಕಕ್ಕೂ ಮಾಡಬೇಕು. ಮೊದಲು ಫಿಸಿಯೋಥೆರಪಿಯವರಿಂದ ಕಲಿಯುವುದು ಒಳ್ಳೆಯದು. ಗುಣ ಕಾಣಲು ಕೆಲವು ವಾರಗಳು ಬೇಕು.

4. ಕತ್ತಿನ ಪಟ್ಟಿಯನ್ನು ಕೆಲವೇ ದಿನ ಧರಿಸಬೇಕು. ಹೆಚ್ಚು ಕಾಲ ಧರಿಸಿದರೆ ಸ್ನಾಯುಗಳು ಬಲ ಕಳೆದುಕೊಳ್ಳುತ್ತವೆ.

5. ಕ್ಷೌರದಂಗಡಿಯಲ್ಲಾಗಲಿ, ನಾಟಿ ವೈದ್ಯರಲ್ಲಾಗಲಿ ಕತ್ತು ತಿರುಚಿ ನೆಟಿಗೆ ತೆಗೆಸಕೂಡದು. ನರಕ್ಕೂ ರಕ್ತನಾಳಕ್ಕೂ ಪೆಟ್ಟಾಗುವ ಅಪಾಯವಿದೆ.

ಅಪಾಯದ ಚಿಹ್ನೆಗಳು

ಕೈ ಜೋಮು ಹಿಡಿಯುವುದು, ಅಂಗಿಯ ಗುಂಡಿ ಹಾಕಲಾಗದಿರುವುದು, ಹಿಡಿದ ಕುಡುಗೋಲು ಜಾರುವುದು, ಬದುವಿನ ಮೇಲೆ ನಡೆಯುವಾಗ ಕಾಲು ತಡವರಿಸುವುದು, ಮಲಮೂತ್ರದ ಹಿಡಿತ ತಪ್ಪುವುದು: ಇವು ಬೆನ್ನುಹುರಿ ಒತ್ತಿಕೊಂಡಿರುವುದರ ಲಕ್ಷಣಗಳು. ಕೂಡಲೇ ಮಳವಳ್ಳಿಯ ಸರ್ಕಾರಿ ಆಸ್ಪತ್ರೆಗೆ ಅಥವಾ ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಹೋಗತಕ್ಕದ್ದು. ಎಂ.ಆರ್.ಐ. ಚಿತ್ರ ನೋಡಿ ಶಸ್ತ್ರಚಿಕಿತ್ಸೆ ಬೇಕೇ ಎಂದು ತಜ್ಞರು ತೀರ್ಮಾನಿಸುತ್ತಾರೆ. ತಡಮಾಡಿದರೆ ಹೋದ ಬಲ ಪೂರ್ತಿ ಮರಳದು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವು ದೊರೆಯುವುದೇ ಎಂದು ಪಡಿತರ ಚೀಟಿ ತೋರಿಸಿ ವಿಚಾರಿಸಿರಿ.

ಕೆಲಸದಲ್ಲಿ ಬದಲಾವಣೆ

ಸೊಪ್ಪಿನ ದೊಡ್ಡ ಹೊರೆಯನ್ನು ಎರಡಾಗಿ ಮಾಡಿ ತಳ್ಳುಗಾಡಿಯಲ್ಲೋ ಸೈಕಲ್ಲಿನ ಮೇಲೋ ಸಾಗಿಸಬೇಕು. ಹುಳು ಸಾಕಣೆಯಲ್ಲಿ ರೆಂಬೆ ಪದ್ಧತಿ ಅನುಸರಿಸಿದರೆ ಎಲೆ ಬಿಡಿಸುವ ಶ್ರಮ ಉಳಿಯುತ್ತದೆ. ಬಗ್ಗಿ ಮಾಡುವ ಕೆಲಸದಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಬೇಕು. ಹೊರೆ ಹೊರುವುದು ಮನೆಯ ಹೆಂಗಸರ ಪಾಲಿಗೇ ಹೆಚ್ಚಾಗಿ ಬರುವುದರಿಂದ, ಈ ಎಚ್ಚರಿಕೆ ಅವರಿಗೂ ತಲುಪಲಿ.