ಚಿಕ್ಕ ರೈಲು ನಿಂತಾಗ ಮೊದಲು ನೋಡಬೇಕಾದುದು ಗಾಲಿ

ಮಕ್ಕಳು ಆಡುವ, ಹಿರಿಯರೂ ಮಕ್ಕಳಾಗಿ ಕುಳಿತು ನೋಡುವ ವಿದ್ಯುತ್ ಮಾದರಿ ರೈಲು ಒಂದು ದಿನ ಮುಗ್ಗರಿಸತೊಡಗುತ್ತದೆ. ನಾಲ್ಕು ಅಂಗುಲ ಓಡಿ ನಿಲ್ಲುತ್ತದೆ. ಬೆರಳಿನಿಂದ ತಳ್ಳಿದರೆ ಮತ್ತೆ ನಾಲ್ಕು ಅಂಗುಲ ಓಡುತ್ತದೆ. ಕೆಲವು ದಿನ ಹೀಗೆ ಕಳೆದ ಮೇಲೆ ತಳ್ಳಿದರೂ ಕದಲುವುದಿಲ್ಲ. ‘ಮೋಟಾರು ಸುಟ್ಟುಹೋಯಿತು’ ಎಂಬ ತೀರ್ಪು ಹೊರಬೀಳುತ್ತದೆ. ರೈಲು ಪೆಟ್ಟಿಗೆ ಸೇರಿ ಅಟ್ಟವನ್ನೇರುತ್ತದೆ. ಅಲ್ಲಿಂದ ಎಂದಾದರೊಂದು ದಿನ ಗುಜರಿಯವನ ತಕ್ಕಡಿಗೆ ಇಳಿಯುತ್ತದೆ. ಹೀಗೆ ಮನೆಯಿಂದ ಹೊರಬಿದ್ದ ರೈಲುಗಳಲ್ಲಿ ಎಷ್ಟೋ ರೈಲುಗಳು ನಿಜವಾಗಿ ಕೆಟ್ಟಿರುವುದಿಲ್ಲ. ಅವುಗಳ ಗಾಲಿ ಕೊಳೆಯಾಗಿರುತ್ತದೆ, ಅಷ್ಟೆ.

ಈ ಹವ್ಯಾಸ ಬೇರೂರಿ ಬೆಳೆದದ್ದು ಯೂರೋಪಿನಲ್ಲಿ. ಜರ್ಮನಿಯ ಗ್ಯೋಪಿಂಗೆನ್ ಪಟ್ಟಣದಲ್ಲಿ 1859ರಲ್ಲಿ ಆರಂಭವಾದ ಮೆರ್ಕ್ಲಿನ್ ಸಂಸ್ಥೆಯು 1891ರಲ್ಲಿ ಲೈಪ್‌ಜಿಗ್ ನಗರದ ವ್ಯಾಪಾರಮೇಳದಲ್ಲಿ ಹಳಿ, ಎಂಜಿನ್, ಡಬ್ಬಿಗಳೆಲ್ಲ ಗೊತ್ತಾದ ಅಳತೆಯಲ್ಲಿದ್ದು ಒಂದಕ್ಕೊಂದು ಹೊಂದುವ ಆಟದ ರೈಲನ್ನು ಪ್ರದರ್ಶಿಸಿತು. ಬ್ರಿಟನ್ನಿನಲ್ಲಿ ಮೆಕ್ಯಾನೊ ಆಟಿಕೆಯನ್ನು ಕಂಡುಹಿಡಿದ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿಯವರ ಹೆಸರಿನ ರೈಲುಗಳು 1920ರಲ್ಲಿ ಮಾರುಕಟ್ಟೆಗೆ ಬಂದವು. ಮೊದಲಿಗೆ ಇವು ಗಡಿಯಾರದಂತೆ ಕೀಲಿ ಕೊಟ್ಟರೆ ಓಡುವಂಥವು. ವಿದ್ಯುತ್ತು ಬಂದದ್ದು ಆಮೇಲೆ. ಇಂದು ಬಹುಜನಪ್ರಿಯವಾಗಿರುವುದು ನಿಜವಾದ ರೈಲಿನ ಎಂಬತ್ತೇಳನೆಯ ಒಂದು ಪಾಲಿನಷ್ಟಿರುವ ಎಚ್‌ಓ ಅಳತೆ. ಅದರ ಹಳಿಗಳ ನಡುವಣ ಅಂತರ 16.5 ಮಿಲಿಮೀಟರು. ಅದಕ್ಕಿಂತ ಚಿಕ್ಕದಾದ ಎನ್ ಅಳತೆಯಲ್ಲಿ ಈ ಅಂತರ ಕೇವಲ 9 ಮಿಲಿಮೀಟರು. ಹ್ಯಾಂಬರ್ಗ್ ನಗರದಲ್ಲಿ 2001ರಲ್ಲಿ ತೆರೆದ ಮಿನಿಯಾಟೂರ್ ವುಂಡರ್‌ಲಾಂಡ್ ಎಂಬ ಪ್ರದರ್ಶನದಲ್ಲಿ ಇಂಥ ಸಾವಿರಕ್ಕೂ ಮಿಕ್ಕ ರೈಲುಗಳಿವೆ. ನಮಗೆ ಸಮೀಪದ ಪುಣೆಯಲ್ಲಿಯೂ 1998ರಲ್ಲಿ ಆರಂಭವಾದ ಜೋಶಿಯವರ ಮಾದರಿ ರೈಲ್ವೆ ಸಂಗ್ರಹಾಲಯವಿದೆ. ವಿದೇಶಗಳಲ್ಲಿ ನೆಲೆಸಿದ ಮಕ್ಕಳು ಮೊಮ್ಮಕ್ಕಳಿಗೆಂದು ತರುವ ಕಾಣಿಕೆಗಳಲ್ಲಿ ಈ ರೈಲೂ ಒಂದು. ಬೆಲೆಯೋ ಅಗ್ಗವಲ್ಲ, ಆದುದರಿಂದಲೇ ಅದು ಅಟ್ಟ ಸೇರುವ ಮುನ್ನ ಗಾಲಿಯನ್ನೊಮ್ಮೆ ತಿರುಗಿಸಿ ನೋಡುವುದು ಒಳ್ಳೆಯದು.

ಗಾಲಿಗೇಕೆ ಇಷ್ಟು ಮಹತ್ವ? ಆಟದ ಕಾರಿನಲ್ಲಿ ಬ್ಯಾಟರಿ ಅದರ ಹೊಟ್ಟೆಯಲ್ಲಿಯೇ ಇರುತ್ತದೆ. ಈ ರೈಲಿನಲ್ಲಿ ಹಾಗಿಲ್ಲ. ಎರಡು ಹಳಿಗಳಿಗೆ ಸಾಮಾನ್ಯವಾಗಿ 12 ವೋಲ್ಟಿನ ವಿದ್ಯುತ್ತನ್ನು ಕೊಡಲಾಗುತ್ತದೆ. ಒಂದು ಹಳಿಯಿಂದ ಅದು ಆ ಬದಿಯ ಗಾಲಿಗೆ ಏರಿ, ಗಾಲಿಯ ಬೆನ್ನಿಗೆ ತಾಗಿಕೊಂಡಿರುವ ತೆಳುವಾದ ಲೋಹದ ಪಟ್ಟಿಯ ಮೂಲಕ ಮೋಟಾರನ್ನು ಹೊಕ್ಕು, ಇನ್ನೊಂದು ಬದಿಯ ಗಾಲಿಯ ಮೂಲಕ ಇನ್ನೊಂದು ಹಳಿಗೆ ಇಳಿಯುತ್ತದೆ. ಗಾಲಿಯು ಇಲ್ಲಿ ಉರುಳುವ ಸಾಧನವೂ ಹೌದು, ವಿದ್ಯುತ್ತಿನ ತಂತಿಯೂ ಹೌದು. ದುಂಡನೆಯ ಗಾಲಿ ಹಳಿಯನ್ನು ಮುಟ್ಟುವ ಜಾಗವಾದರೋ ಸೂಜಿಯ ಮೊನೆಗಿಂತ ಬಹಳ ದೊಡ್ಡದಲ್ಲ. ಅಲ್ಲಿ ಕೂದಲಿಗಿಂತ ತೆಳುವಾದ ಕೊಳೆಯ ಪೊರೆ ಕುಳಿತರೂ ದಾರಿ ಮುಚ್ಚಿದಂತೆಯೇ. ಮೆರ್ಕ್ಲಿನ್ ಸಂಸ್ಥೆಯ ಎಚ್‌ಓ ರೈಲುಗಳಲ್ಲಿ ವಿದ್ಯುತ್ತು ಹಳಿಗಳ ನಡುವಣ ಗುಂಡಿಗಳಿಂದ ಎಂಜಿನ್ನಿನ ಅಡಿಯ ಜಾರುಪಟ್ಟಿಗೆ ಬರುವುದರಿಂದ ತೊಂದರೆ ಕಡಿಮೆ. ಆದರೂ ಹಿಂದಿರುಗುವ ದಾರಿ ಗಾಲಿಯೇ.

ಯಲಹಂಕದ ಕಾರ್ಖಾನೆಯಲ್ಲಿ 1984ರಿಂದ ತಯಾರಾಗುತ್ತಿರುವ ದೊಡ್ಡ ರೈಲುಗಾಲಿಗಳಿಗೆ ಈ ಚಿಂತೆ ಇಲ್ಲವೆ ಎಂದು ಯಾರಾದರೂ ಕೇಳಬಹುದು. ಸರಕು ತುಂಬಿದ ಡಬ್ಬಿಯ ಒಂದು ಜೊತೆ ಗಾಲಿಯ ಮೇಲೆ ಇಪ್ಪತ್ತು ಟನ್ನಿಗೂ ಹೆಚ್ಚು ಭಾರ ಬೀಳುವುದುಂಟು. ಅಷ್ಟು ಭಾರದ ಕೆಳಗೆ ಸಾಮಾನ್ಯ ಕೊಳೆ ನಿಲ್ಲಲಾರದು. ಆದರೂ ದೊಡ್ಡ ರೈಲು ಪೂರ್ಣವಾಗಿ ಪಾರಾಗಿಲ್ಲ. ಗಾಲಿ ಮತ್ತು ಅಚ್ಚು ಎರಡು ಹಳಿಗಳನ್ನು ಜೋಡಿಸುವುದರಿಂದಲೇ ರೈಲು ಎಲ್ಲಿದೆ ಎಂಬುದನ್ನು ಸಿಗ್ನಲ್ಲಿಗೆ ತಿಳಿಸುವ ಉಪಾಯವನ್ನು ಅಮೆರಿಕದ ವಿಲಿಯಂ ರಾಬಿನ್‌ಸನ್ 1872ರಲ್ಲಿ ಕಂಡುಹಿಡಿದರು. ಅದು ಇಂದಿಗೂ ಬಳಕೆಯಲ್ಲಿದೆ. ಬ್ರಿಟನ್ನಿನಲ್ಲಿ ಶರತ್ಕಾಲದ ಉದುರೆಲೆಗಳು ಗಾಲಿಗಳ ಕೆಳಗೆ ಅರೆದು ಹಳಿಗೆ ಕಪ್ಪಾಗಿ ಅಂಟಿಕೊಂಡಾಗ ಗಾಲಿಗಳು ಜಾರುವುದಲ್ಲದೆ ಈ ಸಂಪರ್ಕವೂ ತಪ್ಪುವ ಭಯವಿದೆ. ಅದಕ್ಕಾಗಿಯೇ ಅಲ್ಲಿ ರಭಸದ ನೀರಿನಿಂದ ಹಳಿ ತೊಳೆಯುವ ವಿಶೇಷ ರೈಲುಗಳು ಪ್ರತಿ ವರ್ಷ ಸಂಚರಿಸುತ್ತವೆ. ಹೀಗಿರುವಾಗ ಅರ್ಧ ಕಿಲೋ ತೂಗದ ಆಟದ ಎಂಜಿನ್ನಿನ ಪಾಡು ಹೇಳಬೇಕೆ!

ಈ ಕೊಳೆ ಎಲ್ಲಿಂದ ಬರುತ್ತದೆ ಎಂಬುದು ಸ್ವಾರಸ್ಯವಾದ ವಿಷಯ. ಮನೆಯ ಧೂಳು, ಜಮಖಾನದ ನಾರು, ಹಳಿ ಜೋಡಿಸುವಾಗ ಬೆರಳಿನಿಂದ ಅಂಟುವ ಜಿಡ್ಡು ಇವೆಲ್ಲ ಇದ್ದೇ ಇವೆ. ಇವುಗಳಿಗಿಂತ ಕೆಟ್ಟದ್ದು ನಾವೇ ಹಾಕುವ ಎಣ್ಣೆ. ರೈಲು ಬಿಗಿಯಾಯಿತೆಂದು ಹೊಲಿಗೆ ಯಂತ್ರದ ಎಣ್ಣೆಯನ್ನು ಧಾರಾಳವಾಗಿ ಸುರಿದರೆ ಅದು ಅಚ್ಚಿನಿಂದ ಗಾಲಿಗೆ, ಗಾಲಿಯಿಂದ ಹಳಿಗೆ ಹರಡಿ ಧೂಳನ್ನು ಕರೆದು ಕೂರಿಸುತ್ತದೆ. ಇದರ ಮೇಲೆ ಗಾಲಿ ಹಳಿಯಿಂದ ಕ್ಷಣಮಾತ್ರ ಬೇರ್ಪಟ್ಟಾಗಲೆಲ್ಲ ಕಣ್ಣಿಗೆ ಕಂಡೂ ಕಾಣದ ಕಿಡಿ ಹಾರುತ್ತದೆ. ಕಿಡಿಯಿಂದ ಜಿಡ್ಡು ಕರಕಲಾಗಿ ಗಾಲಿಯ ಸುತ್ತ ಕಪ್ಪು ಬಳೆ ಮೂಡುತ್ತದೆ. ಬಳೆ ಮೂಡಿದಂತೆ ಸಂಪರ್ಕ ಕೆಟ್ಟು ಇನ್ನಷ್ಟು ಕಿಡಿ ಹಾರುತ್ತದೆ. ಕಿಡಿ ಹೆಚ್ಚಿದಂತೆ ಬಳೆ ದಪ್ಪವಾಗುತ್ತದೆ.

ಇನ್ನು, ಬಹುಮಂದಿ ಗಮನಿಸದ ಸಂಗತಿಯೊಂದಿದೆ. ರೈಲು ನಿಂತಾಗ ಜನರು ಹಳಿಯನ್ನು ಒರೆಸುತ್ತಾರೆ, ಹೆಚ್ಚೆಂದರೆ ಎಂಜಿನ್ನಿನ ಗಾಲಿಯನ್ನು ಒರೆಸುತ್ತಾರೆ. ಹಿಂದಿನ ಡಬ್ಬಿಗಳನ್ನು ಮುಟ್ಟುವುದಿಲ್ಲ. ಅವುಗಳಿಗೆ ವಿದ್ಯುತ್ತು ಬೇಕಿಲ್ಲವಲ್ಲ ಎಂಬ ತರ್ಕ. ಆದರೆ ಕೊಳೆಯ ಭಂಡಾರ ಅಲ್ಲಿಯೇ ಇದೆ. ಎಂಜಿನ್ನಿಗೆ ಆರೋ ಎಂಟೋ ಗಾಲಿಗಳಿದ್ದರೆ ಅದರ ಹಿಂದಿನ ಹತ್ತು ಉದ್ದ ಡಬ್ಬಿಗಳಿಗೆ ಎಂಬತ್ತು ಗಾಲಿಗಳಿರುತ್ತವೆ. ಅಗ್ಗದ ಡಬ್ಬಿಗಳಲ್ಲಿ ಅವು ಪ್ಲಾಸ್ಟಿಕ್ಕಿನವಾಗಿದ್ದರೆ ಕೊಳೆ ಇನ್ನೂ ಬೇಗ ಕಟ್ಟುತ್ತದೆ. ಬೆಳಿಗ್ಗೆ ಒರೆಸಿದ ಹಳಿಗೆ ಸಂಜೆಯೊಳಗೆ ಈ ಎಂಬತ್ತು ಗಾಲಿಗಳು ಮತ್ತೆ ಮಸಿ ಬಳಿಯುತ್ತವೆ. ಹಳಿಯನ್ನು ಮಾತ್ರ ಶುಚಿಗೊಳಿಸುವುದು ಮನೆ ಗುಡಿಸಿ ಕಾಲು ತೊಳೆಯದೆ ಒಳಬಂದಂತೆ. ಬಳೆ ದಪ್ಪವಾದಾಗ ಗಾಲಿಯ ಒಳಅಂಚು ಗಿಡ್ಡವಾದಂತಾಗಿ ಹಳಿ ಕವಲೊಡೆಯುವಲ್ಲಿ ಡಬ್ಬಿ ಕೆಳಗುರುಳುವುದೂ ಉಂಟು. ಆಗ ಬೈಗುಳ ತಿನ್ನುವುದು ಪಾಪ, ಹಳಿ.

ಆದುದರಿಂದ ಡಬ್ಬಿಗಳಿಂದಲೇ ಆರಂಭಿಸುವುದು ಯುಕ್ತ. ಡಬ್ಬಿಯನ್ನು ಮೆತ್ತನೆಯ ಬಟ್ಟೆಯ ಮೇಲೆ ತಲೆಕೆಳಗಾಗಿ ಮಲಗಿಸಬೇಕು. ಬಹುಪಾಲು ಡಬ್ಬಿಗಳಲ್ಲಿ ಅಚ್ಚಿನ ಎರಡೂ ತುದಿಗಳು ಸೂಜಿಯಂತೆ ಚೂಪಾಗಿದ್ದು ಚೌಕಟ್ಟಿನ ಕುಳಿಗಳಲ್ಲಿ ಕುಳಿತಿರುತ್ತವೆ. ಚೌಕಟ್ಟನ್ನು ಉಗುರಿನಿಂದ ತುಸುವೇ ಅಗಲಿಸಿದರೆ ಜೋಡಿಗಾಲಿ ಕೈಗೆ ಬರುತ್ತದೆ. ಒಳಗೆ ದೀಪವಿರುವ ಡಬ್ಬಿಯಾದರೆ ಜೋಡಿಗಾಲಿ ಯಾವ ದಿಕ್ಕಿಗಿತ್ತೆಂಬುದನ್ನು ತೆಗೆಯುವ ಮೊದಲೇ ಗುರುತಿಟ್ಟುಕೊಳ್ಳಬೇಕು. ತಿರುವುಮುರುವಾದರೆ ದೀಪ ಹತ್ತದೆ ಹೋಗಬಹುದು. ಅಚ್ಚಿಗೆ ಸುತ್ತಿಕೊಂಡ ಕೂದಲು, ನಾರುಗಳನ್ನು ಚಿಮುಟದಿಂದ ಬಿಡಿಸಬೇಕು. ಗಟ್ಟಿಯಾದ ಬಳೆಯನ್ನು ಹಲ್ಲುಕಡ್ಡಿಯಿಂದಲೋ ಬಿದಿರಿನ ಸೀಳಿನಿಂದಲೋ ಕೆರೆದು, ಬಳಿಕ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಕಿವಿಕಡ್ಡಿಯ ಹತ್ತಿಯಿಂದ ಗಾಲಿಯನ್ನು ತಿರುಗಿಸುತ್ತ ಒರೆಸಬೇಕು. ಹತ್ತಿ ಕಪ್ಪಾಗದೆ ಬರುವವರೆಗೂ ಕಡ್ಡಿಗಳನ್ನು ಬದಲಿಸಬೇಕು. ನೀರಿನಂಶ ಕಡಿಮೆಯಿರುವ, ಶೇಕಡಾ 90ಕ್ಕೆ ಮೇಲ್ಪಟ್ಟ ದ್ರವವಾದರೆ ಉತ್ತಮ. ಬ್ರಿಟನ್ನಿನ ಔಷಧದ ಅಂಗಡಿಗಳಲ್ಲಿ ದೊರೆಯುವ ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಹರಳೆಣ್ಣೆ ಬೆರೆತಿರುತ್ತದೆ. ಅದರಿಂದ ಒರೆಸಿದರೆ ಒಂದು ಜಿಡ್ಡು ಹೋಗಿ ಇನ್ನೊಂದು ಬಂದಂತಾಗುತ್ತದೆ.

ಎಂಜಿನ್ನಿನ ಗಾಲಿಯ ವಿಧಾನವೇ ಬೇರೆ. ಅದನ್ನು ಬೆರಳಿನಿಂದ ತಿರುಗಿಸಲು ಯತ್ನಿಸಲೇಬಾರದು. ಒಳಗೆ ಮೋಟಾರಿನ ತಿರುಪು ಹಲ್ಲುಗಾಲಿಯನ್ನು ಕಚ್ಚಿಕೊಂಡಿರುತ್ತದೆ. ಬಹುಪಾಲು ಎಂಜಿನ್ನುಗಳಲ್ಲಿ ಮೋಟಾರು ಗಾಲಿಯನ್ನು ತಿರುಗಿಸಬಲ್ಲುದೇ ಹೊರತು ಗಾಲಿ ಮೋಟಾರನ್ನು ತಿರುಗಿಸಲಾರದು. ಬಲವಂತ ಮಾಡಿದರೆ ಹಲ್ಲು ಮುರಿಯುತ್ತದೆ. ಅನುಭವಸ್ಥರ ಉಪಾಯ ಇಷ್ಟು: ತೆಳು ಕಾಗದದ ಕರವಸ್ತ್ರವನ್ನು ಹಳಿಗೆ ಅಡ್ಡವಾಗಿ ಹಾಸಿ, ಅದರ ಮೇಲೆ ನಾಲ್ಕಾರು ಹನಿ ಆಲ್ಕೊಹಾಲು ಹಾಕುವುದು, ಎಂಜಿನ್ನಿನ ಒಂದು ಕೊನೆಯ ಗಾಲಿಗಳನ್ನು ಬರಿಯ ಹಳಿಯ ಮೇಲೂ ಇನ್ನೊಂದು ಕೊನೆಯವನ್ನು ಕಾಗದದ ಮೇಲೂ ಇರಿಸಿ, ಎಂಜಿನ್ನು ಮುಂದೋಡದಂತೆ ಕೈಯಲ್ಲಿ ಹಿಡಿದು, ವಿದ್ಯುತ್ತು ಕೊಡುವುದು. ಬರಿಯ ಹಳಿಯ ಮೇಲಿನ ಗಾಲಿಗಳಿಂದ ವಿದ್ಯುತ್ತು ಬಂದು ಕಾಗದದ ಮೇಲಿನ ಗಾಲಿಗಳು ಗಿರ್ರನೆ ತಿರುಗುತ್ತವೆ. ಕಾಗದದ ಮೇಲೆ ಎರಡು ಕಪ್ಪು ಗೆರೆಗಳು ಮೂಡುತ್ತವೆ. ಕಾಗದವನ್ನು ಸರಿಸಿ, ಗೆರೆ ಮೂಡದಿರುವವರೆಗೆ ಮಾಡಿ, ಬಳಿಕ ಎಂಜಿನ್ನನ್ನು ತಿರುಗಿಸಿ ಇನ್ನೊಂದು ಕೊನೆಗೂ ಹೀಗೆಯೇ ಮಾಡುವುದು. ಎರಡೂ ಕೊನೆಯ ಗಾಲಿಗಳು ವಿದ್ಯುತ್ತನ್ನು ಎತ್ತಿಕೊಳ್ಳುವ ಎಂಜಿನ್ನುಗಳಿಗೆ ಮಾತ್ರ ಇದು ನಡೆಯುತ್ತದೆ. ಇಲ್ಲಿ ಎಚ್ಚರಿಕೆಯ ಮಾತೊಂದು. ಈ ದ್ರವ ಬೇಗ ಬೆಂಕಿ ಹೊತ್ತಿಕೊಳ್ಳುವಂಥದು, ರೈಲಿನಲ್ಲಿಯೋ ಕಿಡಿ ಹಾರುತ್ತದೆ. ಕಿಟಕಿಗಳನ್ನು ತೆರೆದು, ಸೀಸೆಯ ಮುಚ್ಚಳ ಹಾಕಿ ದೂರವಿರಿಸಿ, ದೀಪ, ಊದುಬತ್ತಿಗಳಿಲ್ಲದ ಕೋಣೆಯಲ್ಲಿ ಹಿರಿಯರೇ ಮಾಡತಕ್ಕ ಕೆಲಸವಿದು. ಮಕ್ಕಳು ಕಪ್ಪು ಗೆರೆಗಳನ್ನು ನೋಡಿ ಚಪ್ಪಾಳೆ ತಟ್ಟಲಿ, ಸಾಕು.

ಮಾಡಬಾರದ ಕೆಲಸಗಳಲ್ಲಿ ಮೊದಲನೆಯದು ಉಪ್ಪುಕಾಗದದಿಂದ ತಿಕ್ಕುವುದು. ತಿಕ್ಕಿದ ದಿನ ಗಾಲಿ ಫಳಫಳಿಸುತ್ತದೆ, ನಿಜ. ಆದರೆ ಮೇಲಣ ನುಣುಪಾದ ಲೇಪ ಹೋಗಿ ಗೀರುಗಳಾಗುತ್ತವೆ. ಮುಂದಿನ ಕೊಳೆ ಆ ಗೀರುಗಳಲ್ಲಿ ಇನ್ನೂ ಭದ್ರವಾಗಿ ಕೂರುತ್ತದೆ. ಪಾತ್ರೆ ತಿಕ್ಕುವ ಉಕ್ಕಿನ ನಾರಂತೂ ಬೇಡವೇ ಬೇಡ. ಅದರ ಸಣ್ಣ ಚೂರುಗಳನ್ನು ಮೋಟಾರಿನ ಅಯಸ್ಕಾಂತ ಒಳಗೆ ಎಳೆದುಕೊಳ್ಳುತ್ತದೆ. ಆಗ ‘ಮೋಟಾರು ಸುಟ್ಟಿತು’ ಎಂಬ ಮಾತು ನಿಜವೇ ಆಗಬಹುದು. ಉಗುರುಬಣ್ಣ ತೆಗೆಯುವ ಅಸಿಟೋನ್ ಪ್ಲಾಸ್ಟಿಕ್ಕನ್ನೂ ಬಣ್ಣವನ್ನೂ ಕರಗಿಸಿಬಿಡುತ್ತದೆ. ಹಿತ್ತಾಳೆ ಚೆಂಬಿಗೆ ಒಪ್ಪುವ ಹುಣಸೆಹಣ್ಣು ಇಲ್ಲಿ ಸಲ್ಲದು. ಹುಳಿ ಲೋಹವನ್ನು ತಿನ್ನುತ್ತದೆ, ನೀರು ಒಳಗಿಳಿಯುತ್ತದೆ. ಕೆಲವು ಎಂಜಿನ್ನುಗಳ ಒಂದೆರಡು ಗಾಲಿಗಳಿಗೆ ಜಾರದಿರಲೆಂದು ತೆಳು ರಬ್ಬರಿನ ಬಳೆ ತೊಡಿಸಿರುತ್ತಾರೆ. ಅದು ಕಪ್ಪಗಿದೆಯೆಂದು ಕೊಳೆಯೆಂದೇ ತಿಳಿದು ಕೆರೆದುಹಾಕಿದವರುಂಟು. ಅದಕ್ಕೆ ಒಣಬಟ್ಟೆ ಸಾಕು. ಸಡಿಲವಾಗಿದ್ದರೆ ಅಥವಾ ಬಿರಿದಿದ್ದರೆ ಹೊಸದನ್ನು ಹಾಕಬೇಕು.

ಈಚೆಗೆ ಅಮೆರಿಕದ ಹವ್ಯಾಸಿಗಳಲ್ಲಿ ಕೆಲವರು ಆಲ್ಕೊಹಾಲಿನ ಉಳಿಕೆಯಿಂದ ಕಿಡಿ ಹೆಚ್ಚುತ್ತದೆಂದೂ ಸೀಮೆಎಣ್ಣೆಯಂಥ ದ್ರವವೇ ಮೇಲೆಂದೂ ವಾದಿಸುತ್ತಿದ್ದಾರೆ. ವಾದ ಇನ್ನೂ ಮುಗಿದಿಲ್ಲ. ನನ್ನ ಮಟ್ಟಿಗೆ, ಯಾವ ದ್ರವವೆಂಬುದಕ್ಕಿಂತ ಒರೆಸಿದ ಮೇಲೆ ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿದರೋ ಇಲ್ಲವೋ ಎಂಬುದೇ ಮುಖ್ಯ. ಸೀಮೆಎಣ್ಣೆಯ ವಾಸನೆಯನ್ನು ಮನೆಯವರು ಸಹಿಸುವರೇ ಎಂಬುದು ಬೇರೆ ಪ್ರಶ್ನೆ.

1990ರ ದಶಕದಿಂದೀಚೆಗೆ ಡಿಜಿಟಲ್ ನಿಯಂತ್ರಣದ ರೈಲುಗಳು ವ್ಯಾಪಕವಾಗಿ ಬಳಕೆಗೆ ಬಂದಿವೆ. ಇವುಗಳಲ್ಲಿ ಹಳಿಯ ಮೂಲಕ ವಿದ್ಯುತ್ತಿನ ಜೊತೆಗೆ ಆಜ್ಞೆಗಳೂ ಬರುತ್ತವೆ. ಗಾಲಿ ಕೊಳೆಯಾದರೆ ರೈಲು ನಿಲ್ಲುವುದಷ್ಟೇ ಅಲ್ಲ, ಹೇಳಿದ ಮಾತೂ ಕೇಳಿಸುವುದಿಲ್ಲ, ಎಂಜಿನ್ನಿನ ಸದ್ದು ನಡುವೆಯೇ ಕಡಿದುಹೋಗುತ್ತದೆ. ಕೆಲವು ಎಂಜಿನ್ನುಗಳಲ್ಲಿ ಕ್ಷಣಕಾಲ ವಿದ್ಯುತ್ತನ್ನು ಹಿಡಿದಿಡುವ ಸಣ್ಣ ಸಾಧನವಿರುತ್ತದೆ. ಇದು ಉಪಕಾರಿಯೇ. ಆದರೆ ಕೊಳೆ ವಿಪರೀತವಾಗುವವರೆಗೆ ಅದರ ಸುಳಿವನ್ನೇ ಕೊಡುವುದಿಲ್ಲ.

ಶುಚಿಗೊಳಿಸಿದ ಗಾಲಿಗಳನ್ನು ಚೌಕಟ್ಟಿಗೆ ಸೇರಿಸುವ ಮುನ್ನ ಜೋಡಿಯ ಒಳಮೈಗಳ ನಡುವಣ ಅಂತರವನ್ನು ಅಳೆದು ನೋಡುವುದು ಲೇಸು. ಎಚ್‌ಓ ಅಳತೆಯಲ್ಲಿ ಅದು ಸುಮಾರು 14.5 ಮಿಲಿಮೀಟರು ಇರಬೇಕು. ಅಚ್ಚಿನ ತುದಿಗೆ ಎಣ್ಣೆ ಬೇಕೆನಿಸಿದರೆ ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟೇ ಹಾಕಬೇಕು. ಹಳಿಯನ್ನು ಜಮಖಾನದ ಮೇಲೆ ಹಾಸದೆ ಹಲಗೆಯ ಮೇಲೆ ಜೋಡಿಸಿ, ಆಟ ಮುಗಿದ ಮೇಲೆ ಹಳೆಯ ಪಂಚೆಯೊಂದನ್ನು ಹೊದಿಸಿಟ್ಟರೆ ಮುಂದಿನ ಸಲ ಕಿವಿಕಡ್ಡಿಗಳ ಖರ್ಚು ಅರ್ಧಕ್ಕಿಳಿದೀತು.