ಲ್ಯಾಪ್‌ಟಾಪ್ ಕೆಟ್ಟರೂ ಫೋಟೊ ಉಳಿಸಬಹುದು: ಏನಿದು ಡ್ರೈವ್ ಎನ್‌ಕ್ಲೋಶರ್?

ಪವರ್ ಬಟನ್ ಎಷ್ಟು ಒತ್ತಿದ್ರೂ ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ. ರಿಪೇರಿ ಅಂಗಡಿಗೆ ಒಯ್ದರೆ, ‘ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳೋದೇ ವಾಸಿ’ ಅಂತಾರೆ. ಹೊಸದು ತಗೋಬಹುದು ಬಿಡಿ. ಆದರೆ ಅದರೊಳಗಿದ್ದ ಮಗುವಿನ ನಾಮಕರಣದ ಫೋಟೊ, ಅಂಗಡಿಯ ಐದು ವರ್ಷದ ಲೆಕ್ಕ? ಅದನ್ನ ಯಾರೂ ಮಾರೋದಿಲ್ಲ.

ಸಮಾಧಾನದ ವಿಷಯ ಒಂದಿದೆ. ಮದರ್‌ಬೋರ್ಡ್ ಬೇರೆ, ಡ್ರೈವ್ ಬೇರೆ. ಬೋರ್ಡ್ ಕೆಟ್ಟಿದ್ದರೂ ಎಷ್ಟೋ ಸಲ ಡ್ರೈವ್ ಚೆನ್ನಾಗಿಯೇ ಇರುತ್ತೆ. ಅದನ್ನು ಬಿಚ್ಚಿ ತೆಗೆದು, ಒಂದು ಪುಟ್ಟ ಪೆಟ್ಟಿಗೆಯಲ್ಲಿ ಕೂರಿಸಿ, ಯುಎಸ್‌ಬಿ ಕೇಬಲ್‌ನಿಂದ ಬೇರೆ ಕಂಪ್ಯೂಟರ್‌ಗೆ ಜೋಡಿಸಿದರೆ ಪೆನ್‌ಡ್ರೈವ್ ಥರ ತೆರೆದುಕೊಳ್ಳುತ್ತೆ. ಆ ಪೆಟ್ಟಿಗೆಯೇ ಎನ್‌ಕ್ಲೋಶರ್. ಅದರಲ್ಲಿರುವ ಚಿಕ್ಕ ಚಿಪ್, ಡ್ರೈವ್‌ಗೂ ಯುಎಸ್‌ಬಿಗೂ ನಡುವೆ ದುಭಾಷಿಯ ಕೆಲಸ ಮಾಡುತ್ತೆ.

ಆದರೆ ಪೆಟ್ಟಿಗೆ ಕೊಳ್ಳೋ ಮೊದಲು ಡ್ರೈವ್ ಯಾವುದು ಅಂತ ನೋಡಲೇಬೇಕು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ 2.5 ಇಂಚಿನ ಸಾಟಾ ಡ್ರೈವ್ ಇರುತ್ತೆ. ಇದಕ್ಕೆ 5 ವೋಲ್ಟ್ ಸಾಕು, ಯುಎಸ್‌ಬಿ ಕೇಬಲ್‌ನಿಂದಲೇ ವಿದ್ಯುತ್ ಸಿಗುತ್ತೆ. ಡೆಸ್ಕ್‌ಟಾಪ್‌ನ 3.5 ಇಂಚಿನ ಹಾರ್ಡ್‌ಡಿಸ್ಕ್‌ಗೆ 12 ವೋಲ್ಟ್ ಕೂಡ ಬೇಕು. ಹಾಗಾಗಿ ಗೋಡೆಗೆ ಚುಚ್ಚುವ ಅಡಾಪ್ಟರ್ ಇರುವ ಎನ್‌ಕ್ಲೋಶರ್ ಅನ್ನೇ ತಗೊಳ್ಳಿ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ತೆಳ್ಳನೆ ಪಟ್ಟಿಯಂಥ ಎಂ.2 ಎಸ್‌ಎಸ್‌ಡಿ ಇರುತ್ತೆ. ಜನ ಎಡವೋದು ಇಲ್ಲೇ. ನೋಡೋಕೆ ಒಂದೇ ಥರ ಇದ್ದರೂ ಇದರಲ್ಲಿ ಸಾಟಾ, ಎನ್‌ವಿಎಂಇ ಅಂತ ಎರಡು ಬಗೆ. ಒಂದರ ಪೆಟ್ಟಿಗೆಯಲ್ಲಿ ಇನ್ನೊಂದು ಕೆಲಸ ಮಾಡಲ್ಲ. ಡ್ರೈವ್ ಮೇಲಿನ ಲೇಬಲ್ ಓದಿ. ಗೊತ್ತಾಗದಿದ್ದರೆ ಎರಡಕ್ಕೂ ಆಗುವ ಎನ್‌ಕ್ಲೋಶರ್ ಸಿಗುತ್ತೆ, ಅದನ್ನೇ ಕೇಳಿ. ಇನ್ನು ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಸ್ಟೋರೇಜ್ ಅನ್ನು ಬೋರ್ಡ್‌ಗೇ ಬೆಸುಗೆ ಹಾಕಿರ್ತಾರೆ. ಅಲ್ಲಿ ಈ ಉಪಾಯ ನಡೆಯಲ್ಲ.

ಸರಿ, ಜೋಡಿಸಿದ್ರಿ. ‘ಈ ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು’ ಅಂತ ವಿಂಡೋಸ್ ಕೇಳಿದರೆ ಗಾಬರಿಯಲ್ಲಿ ‘ಎಸ್’ ಒತ್ತಬೇಡಿ. ‘ಕ್ಯಾನ್ಸಲ್’ ಒತ್ತಿ, ಗೊತ್ತಿದ್ದವರಿಗೆ ತೋರಿಸಿ. ಹಾರ್ಡ್‌ಡಿಸ್ಕ್‌ನಿಂದ ಟಿಕ್ ಟಿಕ್ ಅಂತ ಸದ್ದು ಬರ್ತಿದ್ರೆ ತಕ್ಷಣ ಕೇಬಲ್ ತೆಗೆಯಿರಿ. ಅದು ಒಳಗಿನ ಯಂತ್ರಭಾಗವೇ ಕೆಟ್ಟಿರುವ ಲಕ್ಷಣ. ಮತ್ತೆ ಮತ್ತೆ ಆನ್ ಮಾಡಿದಷ್ಟೂ ಹಾನಿ ಹೆಚ್ಚು, ಅದು ಡೇಟಾ ರಿಕವರಿಯವರ ಕೆಲಸ.

ಇನ್ನೊಂದು ಬೀಗ ಇದೆ, ಬಿಟ್‌ಲಾಕರ್. ಈಗಿನ ಅನೇಕ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ನಮಗೆ ಗೊತ್ತಿಲ್ಲದೆಯೇ ಡ್ರೈವ್ ಎನ್‌ಕ್ರಿಪ್ಟ್ ಆಗಿರುತ್ತೆ. ಬೇರೆ ಕಂಪ್ಯೂಟರ್‌ಗೆ ಹಾಕಿದಾಗ 48 ಅಂಕಿಗಳ ರಿಕವರಿ ಕೀ ಕೇಳುತ್ತೆ. ಲಾಗಿನ್ ಪಿನ್ ಕೊಟ್ಟರೆ ಅದು ತೆರೆಯಲ್ಲ. ಲ್ಯಾಪ್‌ಟಾಪ್‌ಗೆ ಸೈನ್ ಇನ್ ಆಗಿದ್ದ ಮೈಕ್ರೋಸಾಫ್ಟ್ ಖಾತೆಯನ್ನು ಮೊಬೈಲ್‌ನಲ್ಲಿ ತೆರೆದು ನೋಡಿ, ಸಾಮಾನ್ಯವಾಗಿ ಕೀ ಅಲ್ಲಿರುತ್ತೆ. ಎಲ್ಲೂ ಇಲ್ಲ ಅಂದ್ರೆ, ಡ್ರೈವ್ ಎಷ್ಟೇ ಚೆನ್ನಾಗಿದ್ದರೂ ಫೋಟೊ ಸಿಗಲ್ಲ.

ಫೈಲ್ ಸಿಕ್ಕಿತು ಅಂದ್ಕೊಳ್ಳಿ. ಮೊದಲು ಹೊಸ ಕಂಪ್ಯೂಟರ್‌ಗೆ ಕಾಪಿ ಮಾಡಿ, ಕೆಲವನ್ನು ತೆರೆದು ಪರೀಕ್ಷಿಸಿ. ಹಳೇ ಡ್ರೈವ್ ಆ ಪೆಟ್ಟಿಗೆಯಲ್ಲೇ ಎರಡನೇ ಪ್ರತಿಯಾಗಿ ಇರಲಿ. ಆದರೆ ಅದೊಂದನ್ನೇ ನಂಬಿ ಕೂರಬೇಡಿ, ವಯಸ್ಸು ಅದಕ್ಕೂ ಆಗಿದೆ.

ಕೊನೆಗೊಂದು ಮಾತು. ನಿಮ್ಮ ಲ್ಯಾಪ್‌ಟಾಪ್ ಇವತ್ತು ಚೆನ್ನಾಗಿ ಓಡ್ತಿದೆ ಅಲ್ವಾ? ಹಾಗಿದ್ರೆ ಆ 48 ಅಂಕಿಗಳನ್ನ ಇವತ್ತೇ ಒಂದು ಹಾಳೆಯಲ್ಲಿ ಬರೆದು, ಮನೆಪತ್ರಗಳ ಜೊತೆ ಇಟ್ಟುಬಿಡಿ. ಪೆಟ್ಟಿಗೆಯನ್ನ ಲ್ಯಾಪ್‌ಟಾಪ್ ಕೆಟ್ಟ ಮೇಲೂ ಕೊಳ್ಳಬಹುದು. ಕೀ ಹಾಗಲ್ಲ.